ಸಾಹೇಬರಿಲ್ಲದ ಗಾಡಿಯ ದಿವಾ

ಮೇ ೧೨, ಬೆಳಿಗ್ಗೆ

ಸುಮೋ ಇವತ್ತೂ ಎರಡು ಲೀಟರ್ ನೀರು ಕುಡಿಯಿತು. ರೇಡಿಯೇಟರ್ ಮುಗಿದಿದೆ. ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಒಳಗೆಲ್ಲ ಗೋದಿಯ ಧೂಳು — ಪುರವಠಾ ವಿಭಾಗದ ಗಾಡಿ, ರೇಶನ್ ಅಂಗಡಿಗಳ ತಪಾಸಣೆಗೆ ತಿರುಗುವಂಥದ್ದು. ಜತ್ತದ ತಹಸೀಲ್ದಾರರ ಗಾಡಿಯನ್ನು ಇಪ್ಪತ್ತೊಂದು ವರ್ಷ ಓಡಿಸಿದವನಿಗೆ ಕೊನೆಗೆ ಇದು ಸಿಕ್ಕಿದೆ.

ಲಾಗ್ ಬುಕ್ಕಿನಲ್ಲಿ ಕಿಲೋಮೀಟರಿಗೆ ಕಾಲಂ ಇದೆ, ಡೀಸೆಲ್ಲಿಗೆ ಇದೆ. ಹೊಟ್ಟೆಕಿಚ್ಚಿಗೆ ಇಲ್ಲ. ಅದಕ್ಕೇ ಈ ವಹಿ.

ತಹಸೀಲ್ದಾರ ಸಾಹೇಬರ ಹೊಸ ಬೊಲೆರೋ ಇವತ್ತು ಸಾಂಗ್ಲಿಯಿಂದ ಬರುತ್ತದಂತೆ, ಮಿನುಗುವ ದಿವಾ ಸಮೇತ. ಕೀಲಿ ಯಾರಿಗೆಂದು ಇನ್ನೂ ಹೇಳಿಲ್ಲ. ಇಸ್ತ್ರಿ ಮಾಡಿಸಿದ ಯುನಿಫಾರ್ಮ್ ಹಾಕಿಕೊಂಡು ಹೊರಟಿದ್ದೇನೆ. ಯಾಕೋ… ಇರಲಿ.

ಮೇ ೧೨, ಸಂಜೆ

ಬಂತು. ಬಿಳಿ ಬಣ್ಣ. ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಗೆ ಉದ್ದ ದಿವಾ — ಕೆಂಪು, ನೀಲಿ, ಬಿಳಿ. ಇಡೀ ಕಚೇರಿ ಹೊರಗೆ ಬಂದು ನಿಂತಿತ್ತು. ಸಿಪಾಯಿ ದತ್ತಾ ತೆಂಗಿನಕಾಯಿ ಒಡೆದ.

ಕೀಲಿ ಅಮೋಗಸಿದ್ದನಿಗೆ ಕೊಟ್ಟರು.

ಅಸಂಗಿಯ ಕುರಿಕಾಯುವ ಇಂದುಬಾಯಿಯ ಮಗ. ವಯಸ್ಸು ಇಪ್ಪತ್ತೆಂಟು. ಕಂತ್ರಾಟಿ ಡ್ರೈವರ್, ಕಚೇರಿಗೆ ಬಂದು ಹನ್ನೊಂದು ತಿಂಗಳು. ರಿವರ್ಸ್ ತೆಗೆಯುವಾಗ ಇನ್ನೂ ಕುತ್ತಿಗೆ ಹೊರಗೆ ಹಾಕಿ ನೋಡುತ್ತಾನೆ. ಸಾಹೇಬರು ನನ್ನ ಹೆಗಲು ತಟ್ಟಿದರು. ‘ಆತಾ ಆರಾಮ ಕರಾ, ಶಂಕರಲಿಂಗ.’ ಇನ್ನು ಆರಾಮ ಮಾಡಿ ಅಂತೆ. ನಿವೃತ್ತಿಗೆ ಎರಡು ವರ್ಷ ಇದೆಯಲ್ಲ, ಓಡಾಟ ಯಾಕೆ ಅಂತೆ. ನನ್ನನ್ನು ಕೇಳಿದವರು ಯಾರು?

ಅವನು ಬಂದು ಕಾಲು ಮುಟ್ಟಿದ. ‘ಕಾಕಾ, ನೀವು ಕಲಿಸಿದ್ದ ಎಲ್ಲಾ. ಆಶೀರ್ವಾದ ಮಾಡ್ರಿ’ ಅಂದ. ಮಾಡಿದೆ.

ಮೇ ೧೫

ನನ್ನ ಜೀಪಿಗೂ ದಿವಾ ಇತ್ತು. ಹಳದಿ, ಗುಂಡಗೆ, ಬೋರಲು ಹಾಕಿದ ಬೋಗುಣಿಯಷ್ಟು. ಆಗಿನ ನಿಯಮ ಬೇರೆ. ದಿವಾ ಸಾಹೇಬರದ್ದು. ಸಾಹೇಬರು ಗಾಡಿಯಲ್ಲಿ ಇಲ್ಲದಿದ್ದರೆ ಹಚ್ಚಬಾರದು, ಮೇಲೆ ಕರಿ ಗವಸು ಹಾಕಬೇಕು. ನನ್ನ ಹೆಂಡತಿ ಸಿದ್ದಲಿಂಗವ್ವ ಹಳೆಯ ಛತ್ರಿಯ ಬಟ್ಟೆ ಬಿಚ್ಚಿ, ಅಂಚಿಗೆ ಲಾಡಿ ಏರಿಸಿ ಹೊಲಿದು ಕೊಟ್ಟಿದ್ದಳು. ಬೇರೆ ತಾಲೂಕುಗಳ ಡ್ರೈವರುಗಳು ದಿವಾ ಹಚ್ಚಿಕೊಂಡು ಹೆಂಡತಿಯ ತವರಿಗೆ ಹೋದದ್ದು ಗೊತ್ತು. ನಾನು ಒಂದು ದಿನವೂ ಹಾಗೆ ಮಾಡಿದವನಲ್ಲ.

೨೦೧೭ರ ಮೇ ಒಂದರಿಂದ ದೇಶದ ತುಂಬ ತೆಗೆಸಿದರು. ಮಂತ್ರಿಗಳದ್ದೂ ಹೋಯಿತು. ನಮ್ಮ ಜೀಪಿನದ್ದನ್ನು ನಾನೇ ಬಿಚ್ಚಿದೆ. ಒಂದು ಸ್ಕ್ರೂ ತುಕ್ಕು ಹಿಡಿದು ಬರಲೇ ಇಲ್ಲ, ಕೊನೆಗೆ ಕೊಯ್ದೆ. ತೂತಿಗೆ ಎಂಸೀಲ್ ಮೆತ್ತಿದೆ. ಮಳೆಯಲ್ಲಿ ಸರಿಯಾಗಿ ನನ್ನ ಹೆಗಲ ಮೇಲೆಯೇ ಸೋರುತ್ತಿತ್ತು. ಜೀಪಿಗೆ ಹದಿನೈದು ವರ್ಷ ತುಂಬಿತೆಂದು ಹೋದ ವರ್ಷ ಅದೂ ಗುಜರಿಗೆ ಹೋಯಿತು.

ಈಗ ಬಂದಿರುವ ದಿವಾ ಸಾಹೇಬರ ಮಾನಕ್ಕಲ್ಲ, ಕೆಲಸಕ್ಕೆ. ಹೊಳೆ ಬಂತು, ಬೆಂಕಿ ಬಿತ್ತು, ಗಲಾಟೆಯಾಯಿತು — ಅಂಥ ಡ್ಯೂಟಿಯ ಗಾಡಿಗೆ ಮಾತ್ರ. ಪಟ್ಟಿಯಲ್ಲಿ ಹೆಸರಿರಬೇಕು, ಮುಂದಿನ ಗಾಜಿನ ಮೇಲೆ ಸ್ಟಿಕರ್ ಇರಬೇಕು. ಒಳಗೆ ಸಾಹೇಬರಿದ್ದಾರೋ ಇಲ್ಲವೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಊಟಕ್ಕೆ ಕೂತಾಗ ಇದನ್ನೆಲ್ಲ ಸಿದ್ದಲಿಂಗವ್ವನಿಗೆ ಹೇಳಿದೆ. ‘ಹಂಗಾರ ಚಲೋ ಆತ ಬಿಡ್ರಿ, ದೌಲತ್ತ ಹೋಗಿ ಕೆಲಸಕ್ಕ ಬಂತು’ ಅಂದಳು.

ಇವಳಿಗೆ ಎಲ್ಲವೂ ಚಲೋ.

ಮೇ ೨೮

ಸ್ಟ್ಯಾಂಡಿನ ಎದುರು ಚಹಾದಂಗಡಿ. ನಾನು ಮೂವತ್ತು ವರ್ಷದಿಂದ ಕೂಡುವ ಕುರ್ಚಿಯಲ್ಲಿ ಅಮೋಗಸಿದ್ದ. ನನ್ನನ್ನು ಕಂಡು ಎದ್ದು ನಿಂತ, ‘ಕುಂದ್ರಿ ಕಾಕಾ’ ಅಂದ. ಅದು ಸರಿ. ಆದರೆ ಅಂಗಡಿಯವನು ಮೊದಲ ಕಪ್ಪು ಕೊಟ್ಟದ್ದು ಅವನಿಗೆ. ‘ದಿವಾದ ಗಾಡಿ ಹೊರಡಬೇಕಲ್ರೀ, ಅವರಿಗಿ ಲಗೂನ ಕೊಡ್ತೀನಿ’ ಅಂತೆ. ನನ್ನ ಗಾಡಿ ಹೊರಡುವುದು ಬೇಡವೇ?

ಸಾಲಿ ಹುಡುಗಿಯರು ಬೊಲೆರೋ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹೋಮ್‌ಗಾರ್ಡಿನವನು ಸೆಲ್ಯೂಟ್ ಹೊಡೆದ. ಖಾಲಿ ಗಾಡಿಗೆ. ಇವನು ಹಲ್ಲು ಬಿಟ್ಟುಕೊಂಡು ನಿಂತಿದ್ದ.

ಮನೆಗೆ ಬಂದರೆ ಇಲ್ಲಿಯೂ ಅವನೇ. ಮಧ್ಯಾಹ್ನ ಬಂದಿದ್ದನಂತೆ, ಕುರಿಹಾಲು ಕೊಟ್ಟು ಹೋದನಂತೆ. ಅವನಿಗೆ ಇವಳು ಸಜ್ಜಿರೊಟ್ಟಿ, ಮೊಸರು ಬಡಿಸಿದ್ದಾಳೆ. ಬುಟ್ಟಿಯಲ್ಲಿ ನನಗೆ ಉಳಿದದ್ದು ಎರಡು ರೊಟ್ಟಿ. ಅವೂ ತಣ್ಣಗೆ.

ಜೂನ್ ೬

ಪರಿಪತ್ರಕ ಬಂದಿದೆ, ಮಹಾರಾಷ್ಟ್ರ ಸರ್ಕಾರದ ಸುತ್ತೋಲೆ. ದಿವಾ ಬಗ್ಗೆ. ಎಲ್ಲ ಡ್ರೈವರುಗಳಿಗೆ ಓದಿಸಿ ಸಹಿ ತೆಗೆದುಕೊಳ್ಳುವ ಕೆಲಸವನ್ನು ಸಾಹೇಬರು ನನಗೆ ಹಚ್ಚಿದರು. ಹಿರಿಯ ಡ್ರೈವರ್ ಅಲ್ಲವೇ. ದಿವಾ ಅವನಿಗೆ, ಕಾಗದ ನನಗೆ.

ಎರಡು ಪುಟ, ಮರಾಠಿ. ಮೂರು ಸಲ ಓದಿದೆ. ನೇಮಿಸಿದ ತುರ್ತು ಕೆಲಸದ ಮೇಲಿದ್ದಾಗ ದಿವಾ ಹಚ್ಚಬೇಕು. ಅಧಿಕಾರಿ ಒಳಗಿಲ್ಲದಿದ್ದರೂ ಹಚ್ಚಬೇಕು. ಕೆಲಸ ಮುಗಿದ ಮೇಲೆ, ಖಾಸಗಿ ಓಡಾಟಕ್ಕೆ, ಹಚ್ಚಕೂಡದು. ಅಷ್ಟೇ. ನೀರಿನಷ್ಟು ಸ್ಪಷ್ಟ. ಕೆಳಗೆ ಮೊದಲ ಸಹಿ ನನ್ನದೇ ಮಾಡಿದೆ.

ಜೂನ್ ೭

ಬರೆಯಲೋ ಬೇಡವೋ ಎಂದು ಅರ್ಧ ತಾಸು ಕೂತೆ. ಬರೆಯುತ್ತೇನೆ. ಓದುವವರು ಯಾರಿದ್ದಾರೆ.

ಅಮೋಗಸಿದ್ದ ಕನ್ನಡ ಸಾಲಿಯವನು, ಅಸಂಗಿಯಲ್ಲಿ ಹತ್ತನೆಯ ಇಯತ್ತೆಯವರೆಗೆ. ಮರಾಠಿ ಚಲೋ ಮಾತಾಡುತ್ತಾನೆ. ಆದರೆ ಸಂತೆಯ ಮರಾಠಿ ಬೇರೆ, ಪರಿಪತ್ರಕದ ಮರಾಠಿ ಬೇರೆ. ಕಾಗದ ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ಕೊಟ್ಟ. ‘ಕಾಕಾ, ಇದರಾಗ ಏನ್ ಐತಿ, ನಮ್ಮ ಮಾತಿನ್ಯಾಗ ಓದಿ ಹೇಳ್ರಿ’ ಅಂದ.

ಓದಿದೆ. ಕಾಗದದ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ, ಓದುವವರ ಹಾಗೆಯೇ. ‘ಸಾಹೇಬರು ಒಳಗ ಇದ್ದರ ಅಷ್ಟ ದಿವಾ ಹಚ್ಚಬೇಕು. ಸಾಹೇಬರು ಇಲ್ಲದಾಗ ಕರೀ ಗವಸು ಕಟ್ಟಿ ಓಡಿಸಬೇಕು. ತಪ್ಪಿದರ ಡ್ರೈವರನ ನೌಕರಿ ಹೋಗತದ.’

ಮೊದಲ ಎರಡು ಮಾತು ಎಂಟು ವರ್ಷದ ಹಿಂದಿನ ನಿಯಮ. ಮೂರನೆಯದು ಯಾವ ನಿಯಮವೂ ಅಲ್ಲ, ನಾನೇ ಸೇರಿಸಿದ್ದು.

ಮುಖ ಸಣ್ಣದು ಮಾಡಿದ. ‘ಹಂಗಾರ ದಿವಸದಾಗ ಹತ್ತ ಸಲ ಕಟ್ಟೂದು ಬಿಚ್ಚೂದು ಆತಲ್ರಿ’ ಅಂದ.

‘ನಾ ಕಟ್ಟೀನಿ ಹದಿನಾಲ್ಕ ವರ್ಷ. ನಿನಗೇನ್ ಆಗತದ?’

ಸಹಿ ಮಾಡಿದ. ಅವನ ಸಹಿ ಇನ್ನೂ ಸಾಲಿ ಹುಡುಗರ ಹಾಗೆ, ಪೂರ್ತಿ ಹೆಸರು.

ದಿನಕ್ಕೆ ಹತ್ತು ಸಲ ಗಾಡಿಯ ಟಪ್ಪಿನ ಮೇಲೆ ಹತ್ತಲಿ, ಇಳಿಯಲಿ. ಖಾಲಿ ಗಾಡಿಗೆ ಸೆಲ್ಯೂಟ್ ಹೊಡೆಸಿಕೊಳ್ಳುವುದಾದರೂ ನಿಲ್ಲಲಿ. ಅಷ್ಟೇ ನನ್ನ ಆಸೆ. ಇದರಿಂದ ಯಾರಿಗೆ ಏನು ನಷ್ಟ?

ಜೂನ್ ೧೦

ಗವಸು ಹೊಲಿಸಿಕೊಳ್ಳಲು ನನ್ನ ಮನೆಗೇ ಬಂದಿದ್ದಾನೆ. ಸಿದ್ದಲಿಂಗವ್ವ ಹೊಲಿದೂ ಕೊಟ್ಟಳು. ಅವನು ಹೋದ ಮೇಲೆ ನನ್ನನ್ನು ಕೇಳಿದಳು. ‘ಈಗ ದಿವಾ ಸಾಹೇಬರಿಗಲ್ಲ, ಕೆಲಸಕ್ಕ ಅಂತ ನೀವ ಹೇಳಿದ್ರಿ. ಮತ್ಯಾಕ ಗವಸು?’

‘ಕಚೇರಿ ಮಾತು ನಿನಗ ತಿಳಿಯೂದಿಲ್ಲ. ಸುಮ್ನಿರು.’

ಸೂಜಿಯನ್ನು ಡಬ್ಬಿಯಲ್ಲಿ ಇಡುತ್ತ ಒಂದು ಸಲ ನೋಡಿದಳು, ಅಷ್ಟೇ.

ಜುಲೈ ೨೨

ವಳಸಂಗದಲ್ಲಿ ತಪಾಸಣೆ. ರೇಶನ್ ಅಂಗಡಿಯ ಶ್ರೀಶೈಲಪ್ಪ ಮಾಸ್ತರ — ನಿವೃತ್ತಿಯಾದ ಮೇಲೆ ಅಂಗಡಿ ಹಿಡಿದವರು — ಚಹಾ ತರಿಸಿದರು. ‘ಹೊಸಾ ಗಾಡಿ ನಿಮಗ ಬರಬೇಕಾಗಿತ್ತಲ್ಲ ಶಂಕರಲಿಂಗ. ಅನುಭವಕ್ಕ ಕಿಮ್ಮತ್ತ ಇಲ್ಲದಂಗ ಆತು’ ಅಂದರು. ಇಡೀ ತಾಲೂಕಿನಲ್ಲಿ ಈ ಮಾತು ಆಡಿದವರು ಅವರೊಬ್ಬರೇ. ಬರುವಾಗ ದಾರಿ ತುಂಬ ಅದನ್ನೇ ನೆನೆಸಿಕೊಂಡೆ. ದೇವರಂಥ ಮನುಷ್ಯ.

ವಾಪಸು ಬರುವಾಗ ಬೊಲೆರೋ ಎದುರಾಯಿತು. ಸಾಹೇಬರಿಲ್ಲ, ದಿವಾಕ್ಕೆ ಗವಸು. ಎಮ್ಮೆಗಳ ಹಿಂದೆ ಸಿಕ್ಕಿಬಿದ್ದು ಹಾರ್ನ್ ಹೊಡೆಯುತ್ತಿದ್ದ. ನನ್ನ ಸುಮೋದ ಹಾಗೆಯೇ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಸೆಪ್ಟೆಂಬರ್ ೧೮, ಸಂಜೆ ೬

ನಾಲ್ಕು ದಿನದಿಂದ ಮಳೆ. ಇವತ್ತು ಬಾಜಾರದ ದಿನ ಬೇರೆ.

ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. ವಳಸಂಗದ ಹತ್ತಿರ ಹಳ್ಳ ಬಂದು ಫರಸಿ ಸೇತುವೆಯ ಮೇಲೆ ನೀರು ಹರಿಯುತ್ತಿದೆ, ಮೋಟಾರ್‌ಸೈಕಲ್ ಸಮೇತ ಒಬ್ಬರು ಕೊಚ್ಚಿಹೋಗಿ ಜಾಲಿಮರ ಹಿಡಿದು ನಿಂತಿದ್ದಾರೆ. ಸಾಹೇಬರು ಫೋನ್ ಬಿಟ್ಟು ಏಳುವ ಹಾಗಿರಲಿಲ್ಲ, ಎಂಟು ಹಳ್ಳಿಗಳಿಂದ ಫೋನ್. ಅಮೋಗಸಿದ್ದನನ್ನು ಕಳಿಸಿದರು. ಹಗ್ಗ, ಲೈಫ್ ಜಾಕೆಟ್, ಈಜುಗಾರ ಮಲ್ಲಿನಾಥ ಮತ್ತು ಇಬ್ಬರು.

ನಾನು ಅಂಗಳದಲ್ಲಿ ಸುಮೋ ಬಾನೆಟ್ ತೆರೆದು ನಿಂತಿದ್ದೆ. ಸಾಹೇಬರು ಗಾಡಿಯಲ್ಲಿಲ್ಲ ಎಂದು ಅವನು ಟಪ್ಪಿನ ಮೇಲೆ ಹತ್ತಿ ಗವಸು ಕಟ್ಟಿದ. ಮಳೆಯಲ್ಲಿ, ಲಾಡಿ ಎರಡು ಸಲ ಬಿಗಿದು. ನೋಡಿದೆ. ಬಾಯಿ ತೆರೆದೆ. ಈಗ ಹೇಳಿದರೆ, ಆಗ ಯಾಕೆ ಹಾಗೆ ಓದಿದಿರಿ ಎಂದು ಎಲ್ಲರ ಮುಂದೆ ಕೇಳುತ್ತಾನೆ ಅನಿಸಿತು. ಬಾಯಿ ಮುಚ್ಚಿದೆ.

ಇನ್ನೂ ಬಂದಿಲ್ಲ.

ಸೆಪ್ಟೆಂಬರ್ ೧೯

ಬಾಜಾರದ ಚೌಕದಲ್ಲಿ ಇಪ್ಪತ್ತೈದು ನಿಮಿಷ ಸಿಕ್ಕಿಬಿದ್ದರಂತೆ. ಈರುಳ್ಳಿ ಟೆಂಪೋ, ಟ್ರ್ಯಾಕ್ಟರ್, ಛತ್ರಿಗಳು. ಹಾರ್ನ್ ಹೊಡೆದರೆ ಯಾರು ಸರಿಯುತ್ತಾರೆ? ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು. ಮಲ್ಲಿನಾಥ ಕೂಗಿದನಂತೆ, ‘ದಿವಾ ಹಚ್ಚೋ ಮಾರಾಯ.’ ಅಮೋಗಸಿದ್ದ, ‘ಸಾಹೇಬರು ಇಲ್ಲೋ, ನೌಕರಿ ಹೋಗತದ’ ಅಂದನಂತೆ. ಕೊನೆಗೆ ಮಲ್ಲಿನಾಥನೇ ಇಳಿದು ಓಡಿ ಓಡಿ ದಾರಿ ಬಿಡಿಸಿದ್ದಾನೆ.

ಇವರು ಮುಟ್ಟುವ ಹತ್ತು ನಿಮಿಷ ಮೊದಲು ಮರ ಬೇರುಸಹಿತ ಹೋಯಿತಂತೆ. ದಡದ ಮೇಲೆ ಇಡೀ ಊರು ನಿಂತು ನೋಡುತ್ತಿತ್ತು.

ಶ್ರೀಶೈಲಪ್ಪ ಮಾಸ್ತರ.

ಬೆಳಿಗ್ಗೆ ಎರಡು ಮೈಲು ಕೆಳಗೆ ಸಿಕ್ಕರು.

ಸೆಪ್ಟೆಂಬರ್ ೨೩

ಮೂರು ದಿನ ಏನೂ ಬರೆಯಲಿಲ್ಲ.

ಚೌಕಶಿ ಶುರುವಾಗಿದೆ, ಮಾಸ್ತರರ ಸಾವಿನ ವಿಚಾರಣೆ. ವಳಸಂಗದವರು ಕಚೇರಿಗೆ ಬಂದು ಕೂತಿದ್ದರು. ಮಾಸ್ತರರ ಮಗಳು ಒಂದೇ ಮಾತು ಕೇಳುತ್ತಿದ್ದಳು. ದಿವಾ ಇದ್ದ ಗಾಡಿ ದಿವಾ ಮುಚ್ಚಿಕೊಂಡು ಯಾಕೆ ಬಂತು?

ಸಾಹೇಬರು ಜೂನ್ ತಿಂಗಳ ಪರಿಪತ್ರಕ ತರಿಸಿದರು. ಕೆಳಗೆ ಅಮೋಗಸಿದ್ದನ ಸಹಿ. ಓದಿ ತಿಳಿದುಕೊಂಡಿದ್ದೇನೆ ಅಂತ. ‘ಓದಿ ಸಹಿ ಮಾಡಿದ್ದೀ. ಮತ್ತೆ ಗವಸು ಯಾಕೆ ಕಟ್ಟಿದೆ?’

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವನು ನನ್ನ ಕಡೆಗೆ ತಿರುಗಲಿಲ್ಲ. ನೆಲ ನೋಡುತ್ತ ಹೇಳಿದ. ‘ನನಗ ತಿಳೀಲಿಲ್ರಿ ಸಾಹೇಬ್ರ. ತಪ್ಪ ನಂದು.’

ಕಾಕಾ ಓದಿ ಹೇಳಿದರು ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಹೊರಗೆ ಬಂದು ನಳದ ಹತ್ತಿರ ಮುಖ ತೊಳೆದೆ. ಅದರಲ್ಲೂ ಒಂದು ಕಿಚ್ಚು ಹತ್ತಿತು. ಆ ಹುಡುಗ ನನಗಿಂತ ದೊಡ್ಡವನಾಗಿ ನಿಂತುಬಿಟ್ಟನಲ್ಲ ಅಂತ.

ಸೆಪ್ಟೆಂಬರ್ ೨೬

ಸಿದ್ದಲಿಂಗವ್ವ ಎರಡು ದಿನದಿಂದ ನನ್ನ ಜೊತೆ ಉಣ್ಣುತ್ತಿಲ್ಲ. ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ. ಇವತ್ತು ತಾಟು ಸರಿಸಿದೆ. ‘ಏನಾಗೇದ ಹೇಳಿಬಿಡು.’

‘ನಾ ಹೊಲದ ಗವಸು ಅದು’ ಅಂದಳು.

‘ಹೊಲದರ ಏನಾತು? ಅವನ ಕೇಳಿದ್ದ, ನೀ ಹೊಲದಿ.’

‘ದಿವಾ ಕೆಲಸಕ್ಕ ಅಂತ ನೀವು ಮೇ ತಿಂಗಳದಾಗ ನನಗ ಇದ ಜಾಗಾದಾಗ ಕುಂತ ಹೇಳೀರಿ. ನನಗ ಗೊತ್ತಿದ್ದದ್ದು ಅವನಿಗಿ ಯಾಕ ಗೊತ್ತಿರಲಿಲ್ಲ? ಯಾರ ಓದಿ ಹೇಳಿದ್ರು ಅವನಿಗಿ?’

ಸರಿಸಿದ ತಾಟನ್ನು ಮತ್ತೆ ಎಳೆದುಕೊಂಡೆ.

‘ಹೊಟ್ಯಾಗಿಂದ ಇದು. ಅವಗ ಎರಡ ರೊಟ್ಟಿ ಹೆಚ್ಚಿಗಿ ಹಾಕಿದರ ನಿಮ್ಮ ಮಾರಿ ಹೆಂಗ ಆಗತಿತ್ತು, ನಾ ನೋಡಿಲ್ಲೇನು? ಸಾಹೇಬರ ಮುಂದ ಹೋಗಿ ಹೇಳ್ರಿ. ನಿಮಗ ನೌಕರಿ ಮುಗಿಯಾಕ ಬಂದೈತಿ. ಅವನದು ಈಗ ಶುರು ಆಗೇದ. ಇಂದುಬಾಯಿ ಕುರಿ ಕಾದು ಮಗನಿಗಿ ಲಾಯಸನ್ಸ ಮಾಡಿಸ್ಯಾಳ.’

‘ಹೇಳ್ತೀನಿ.’

‘ಯಾವಾಗ?’

‘ನಾಳಿ.’

ಸೆಪ್ಟೆಂಬರ್ ೨೭

ಸಾಹೇಬರು ಸಾಂಗ್ಲಿಗೆ ಹೋಗಿದ್ದರು.

ಸೆಪ್ಟೆಂಬರ್ ೨೯

ಇದ್ದರು. ಚೇಂಬರಿನ ತನಕ ಹೋದೆ. ದತ್ತಾ, ‘ಏನ್ ಕೆಲಸ್ರಿ?’ ಅಂದ. ಸುಮೋದ ರೇಡಿಯೇಟರ್ ಬಗ್ಗೆ ಅಂದೆ. ಒಳಗೆ ಹೋಗಿ ರೇಡಿಯೇಟರ್ ಬಗ್ಗೆಯೇ ಮಾತಾಡಿ ಬಂದೆ. ಮಂಜೂರಾಯಿತು.

ಸೆಪ್ಟೆಂಬರ್ ೩೦

ಅಮೋಗಸಿದ್ದನನ್ನು ತೆಗೆದರು. ಕಂತ್ರಾಟದವನಲ್ಲವೇ, ಒಂದು ಕಾಗದ ಸಾಕು. ಹೊಸಬರು ಬರುವತನಕ ಬೊಲೆರೋ ನನಗೆ.

ಚಾರ್ಜ್ ಕೊಡಲು ಬಂದ. ಜ್ಯಾಕ್, ಪಾನಾ, ಸ್ಟೆಪ್ನಿ, ಒಂದೊಂದನ್ನೇ ತೋರಿಸಿದ. ಗಾಡಿ ಒಳಗೆಲ್ಲ ಒರೆಸಿ ಇಟ್ಟಿದ್ದ. ಕೀಲಿ ಕೈಗಿಟ್ಟ.

‘ಕಾಕಾ, ನಿಮ್ಮ ಹೆಸರ ಎಲ್ಲೂ ತಗದಿಲ್ರಿ. ನಿಮಗೂ ಹೊಸಾ ನಿಯಮ ಗೊತ್ತಿರಲಿಕ್ಕಿಲ್ಲ. ಹಳೇದ ತಲಿಯಾಗ ಇತ್ತು, ಅದನ್ನ ಹೇಳೀರಿ. ಈ ವಯಸ್ಸಿನ್ಯಾಗ ನಿಮಗ್ಯಾಕ ತ್ರಾಸ ಅಂತ…’

ಈಗ ಹೇಳಬೇಕಾಗಿತ್ತು. ಸುತ್ತ ಯಾರೂ ಇರಲಿಲ್ಲ. ನಾವಿಬ್ಬರೇ.

‘ಹೌದಪಾ. ನನಗೂ ಗೊತ್ತಿರಲಿಲ್ಲ’ ಅಂದೆ.

ತಲೆಯಾಡಿಸಿದ. ‘ಮಾಸ್ತರ ದಿನಾ ಕಣ್ಣಮುಂದ ಬರ್ತಾರ್ರಿ’ ಅಂದ. ಕಾಲು ಮುಟ್ಟಿ ಹೋದ.

ಸೀಟು ಅವನ ಉದ್ದ ಕಾಲಿಗೆ ಹಿಂದೆ ಸರಿದಿತ್ತು. ಮುಂದಕ್ಕೆ ಎಳೆದುಕೊಂಡೆ.

ಅಕ್ಟೋಬರ್ ೩

ನಿನ್ನೆ ದಸರಾ. ಗಾಡಿ ಪೂಜೆ ಮಾಡಿದೆವು. ಚಹಾದಂಗಡಿಯವನು ಇವತ್ತು ಮೊದಲ ಕಪ್ಪು ನನಗೆ ಕೊಟ್ಟ. ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ಮನೆಯಲ್ಲಿ ಅದೇ ಪ್ರಶ್ನೆ. ರಜೆ ಇತ್ತು, ಸಾಹೇಬರಿರಲಿಲ್ಲ, ಮೀಟಿಂಗ್ ಇತ್ತು. ಮೂರೂ ಸುಳ್ಳಲ್ಲ. ಸಿದ್ದಲಿಂಗವ್ವ ಕೇಳಿ ಒಳಗೆ ಹೋಗುತ್ತಾಳೆ. ಬೈದರೆ ಚಲೋ ಇತ್ತು.

ಅಕ್ಟೋಬರ್ ೬, ಬೆಳಿಗ್ಗೆ

ಇವತ್ತು ಹೇಳುವುದೇ. ಏನೇನು ಎಂದು ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದೇನೆ. ಪರಿಪತ್ರಕ ನಾನು ಓದಿದ್ದೆ, ನನಗೆ ತಿಳಿದಿತ್ತು. ತಿಳಿದೂ ತಪ್ಪು ಓದಿ ಹೇಳಿದೆ. ಇಷ್ಟೇ. ಎರಡು ಮಾತು. ಹನ್ನೊಂದಕ್ಕೆ ಸಾಹೇಬರು ಬರುತ್ತಾರೆ. ಹೊರಡುವಾಗ ಸಿದ್ದಲಿಂಗವ್ವನಿಗೂ ಹೇಳಿ ಹೊರಟಿದ್ದೇನೆ. ‘ದೇವರ ಒಳ್ಳೇದ ಮಾಡ್ಲಿ’ ಅಂದಳು. ಎಷ್ಟೋ ದಿನಕ್ಕೆ ಬಾಗಿಲ ತನಕ ಬಂದಳು.

ಅಕ್ಟೋಬರ್ ೬, ಸಂಜೆ ೭

ಹನ್ನೊಂದಕ್ಕೆ ಐದು ನಿಮಿಷ ಇತ್ತು. ಚೇಂಬರಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮುಚ್ಚಂಡಿಯ ಆಚೆ ಬಸ್ಸು ಮಗುಚಿದೆ ಎಂದು ಫೋನ್ ಬಂತು. ಸಾಹೇಬರು ಹೊರಗೆ ಬಂದು, ‘ನೀವು ಮುಂದೆ ಹೋಗಿ, ಸ್ಟ್ರೆಚರ್ ತಗೊಂಡು, ನಾನು ಹಿಂದಿನಿಂದ ಬರುತ್ತೇನೆ’ ಅಂದರು. ಆ ಹೊತ್ತಿನಲ್ಲಿ ಬೇರೆ ಮಾತು ಆಡಲಾಗುತ್ತದೆಯೇ? ಆಡಲಾಗುತ್ತಿರಲಿಲ್ಲ. ಓಡಿದೆ.

ದಿವಾದ ಸ್ವಿಚ್ ಒತ್ತಿದೆ. ಎಂಟು ವರ್ಷದ ಮೇಲೆ.

ಇದನ್ನು ಬರೆಯಲೇಬೇಕು. ಚಲೋ ಅನಿಸಿತು. ಬಹಳ ಚಲೋ ಅನಿಸಿತು. ಬಾಜಾರದ ಚೌಕ ಒಂದೇ ನಿಮಿಷದಲ್ಲಿ ಬಿಚ್ಚಿಕೊಂಡಿತು. ಟ್ರ್ಯಾಕ್ಟರಿನವರು ಸರಿದರು, ಟೆಂಪೋ ಸರಿಯಿತು, ಪೋಲೀಸನು ಕೈ ಅಡ್ಡ ಹಿಡಿದು ಉಳಿದವರನ್ನು ನಿಲ್ಲಿಸಿದ. ಮಾಸ್ತರರನ್ನು ಮುಟ್ಟಲು ಇಷ್ಟೇ ಸಾಕಾಗಿತ್ತು ಎಂಬುದು ಚೌಕ ದಾಟಿದ ಮೇಲೆ ತಲೆಗೆ ಬಂತು.

ಮುಚ್ಚಂಡಿ ಸ್ಟಾಪಿನಲ್ಲಿ ಜನ ರಸ್ತೆಯ ಮೇಲೆಯೇ ನಿಂತಿದ್ದರು. ದಿವಾ ಕಂಡು ಚದುರಿದರು. ಅವರಲ್ಲಿ ಅಮೋಗಸಿದ್ದ. ಹೆಗಲ ಮೇಲೆ ಗಂಟು, ಪಕ್ಕದಲ್ಲಿ ಅವನ ತಾಯಿ. ಎಲ್ಲಿಗೋ ಹೊರಟಿದ್ದರು. ಅವನು ಇಂದುಬಾಯಿಯ ರಟ್ಟೆ ಹಿಡಿದು ರಸ್ತೆಯ ಕೆಳಗೆ ಇಳಿಸಿಕೊಂಡ. ದಾರಿ ಬಿಟ್ಟ. ‘ಸರೀರಿ, ಸರೀರಿ’ ಅಂತ ಉಳಿದವರಿಗೂ ಕೈ ಮಾಡುತ್ತಿದ್ದ.

ಒಳಗೆ ಸಾಹೇಬರಿದ್ದಾರೆಂದು ತಿಳಿದು ಇಂದುಬಾಯಿ ಕೈ ಮುಗಿದಳು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಆ ನಮಸ್ಕಾರ ನೇರವಾಗಿ ನನಗೇ ಬಂತು.

ನಿಲ್ಲಿಸಲಿಲ್ಲ. ನಿಲ್ಲಿಸುವ ಹಾಗಿರಲಿಲ್ಲ, ಡ್ಯೂಟಿ. ಬಸ್ಸಿನವರು ಎಲ್ಲರೂ ಉಳಿದರು. ಹದಿನಾಲ್ಕು ಜನರನ್ನು ದವಾಖಾನೆಗೆ ಮುಟ್ಟಿಸಿದೆವು. ಸಾಹೇಬರು ಎಲ್ಲರ ಮುಂದೆ ಅಂದರು, ‘ಅನುಭವ ಅಂದ್ರೆ ಇದು. ಈ ಗಾಡಿ ಇನ್ನು ಇವರ ಹತ್ತಿರವೇ ಇರಲಿ, ನಿವೃತ್ತಿಯವರೆಗೆ.’ ಜನ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನ ಎದುರಿಗೆ ಎರಡು ಹೆಜ್ಜೆಯಲ್ಲಿ ನಿಂತಿದ್ದರು. ಪುರಸೊತ್ತಾಗಿ ನಿಂತಿದ್ದರು. ಏನಾದರೂ ಹೇಳುವುದಿದೆಯೇ ಅಂತಲೂ ಕೇಳಿದರು.

ಇಲ್ರಿ ಸಾಹೇಬ್ರ, ಅಂದೆ.

ಸಿದ್ದಲಿಂಗವ್ವ ಇವತ್ತು ಎರಡು ತಾಟು ಹಾಕಿದ್ದಾಳೆ. ನನ್ನ ಜೊತೆ ಉಣ್ಣಲೆಂದು ಕಾಯುತ್ತಿದ್ದಾಳೆ. ಒಳಗಿನಿಂದ ಕೇಳುತ್ತಿದ್ದಾಳೆ. ‘ಹೇಳಿದ್ರಲಾ? ಏನಂದ್ರ ಸಾಹೇಬ್ರು?’

ಅವಳಿಗೆ ನಾನು ಇನ್ನೂ ಏನೂ ಹೇಳಿಲ್ಲ. ಬರೆಯುತ್ತ ಕೂತಿದ್ದೇನೆ.